ಮೂರು ಸ್ಟಾಪಿನ ಬೆಂಚು

ನಮ್ಮ ಹೆಡ್ ಮೇಡಂ ಅವರ ಎಡಗೈ ಮೇಲೆ ಮಣಿಕಟ್ಟಿನಿಂದ ಮೊಣಕೈವರೆಗೆ ನೀಲಿ ಪೆನ್ನಿನಲ್ಲಿ ಬರೆದ ಹೆಸರುಗಳಿರುತ್ತಿದ್ದವು. ಒಂದು ದಿನ ಎರಡು, ಇನ್ನೊಂದು ದಿನ ಏಳು. ಅಂದು ಶಾಲೆಗೆ ಬಾರದ ಮಕ್ಕಳ ಹೆಸರುಗಳು ಅವು. ಬಿಸಿಯೂಟಕ್ಕೆ ಕೈ ತೊಳೆದಾಗ ಒಂದೆರಡು ಅಕ್ಷರ ಅಳಿಸಿದರೆ ಊಟವಾದ ಮೇಲೆ ಮತ್ತೆ ತಿದ್ದಿಕೊಳ್ಳುತ್ತಿದ್ದರು. ಬೆವರಿಗೆ ಶಾಯಿ ಹರಡಿ, ಸಂಜೆ ಹೊತ್ತಿಗೆ ಕೈ ನೋಡಿದರೆ ಮುಗ್ಗಲು ಹಿಡಿದ ಗೋಡೆಯ ಹಾಗೆ ಕಾಣುತ್ತಿತ್ತು. ಮಗು ಮರಳಿ ಬಂದ ದಿನವೇ ಆ ಹೆಸರಿಗೆ ಸೋಪು. ಒಂದು ಡೈರಿ ಇಟ್ಟುಕೊಳ್ಳಬಾರದೇ ಮೇಡಂ ಎಂದು ನಾನೊಮ್ಮೆ ಕೇಳಿದ್ದೆ. ಡೈರಿ ಆದರೆ ಮುಚ್ಚಿಟ್ಟು ಮನೆಗೆ ಹೋಗಿಬಿಡ್ತೀನಿ ಸಾರ್, ಕೈ ಹಂಗಲ್ಲವಲ್ಲ ಅಂದರು.

ನ್ಯಾಮತಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಸರ್ಕಾರಿ ಪ್ರೌಢಶಾಲೆ ನಮ್ಮದು. ನ್ಯಾಮತಿ ತಾಲ್ಲೂಕಾದ ಹೊಸದರಲ್ಲಿ ನಾನು ಅಲ್ಲಿಗೆ ಗಣಿತದ ಮೇಷ್ಟ್ರಾಗಿ ಹೋದೆ. ನನ್ನ ಸ್ವಂತ ಊರು ಚನ್ನಗಿರಿ ಕಡೆಯ ನಲ್ಲೂರು. ಎಂ.ಎಸ್ಸಿ.ಯಲ್ಲಿ ಒಳ್ಳೆಯ ಅಂಕಗಳಿದ್ದವು, ನನ್ನ ಬಗ್ಗೆ ನನಗೆ ಅದಕ್ಕಿಂತ ಒಳ್ಳೆಯ ಅಭಿಪ್ರಾಯವಿತ್ತು. ಹೆಡ್ ಮೇಡಂ ಹೊನ್ನಾಳಿಯವರು, ದಿನಾ ಬೆಳಗಿನ ಮೊದಲ ಬಸ್ಸಿಗೆ ಬರುತ್ತಿದ್ದರು. ಕುಳ್ಳಗೆ, ಗುಂಡಗೆ, ನಡೆದರೆ ನಾವು ಓಡಬೇಕು. ಸಮಾಜ ವಿಜ್ಞಾನ ಹೇಳುತ್ತಿದ್ದರು. ಇಲಾಖೆಯಿಂದ ಬರುವ ಸುತ್ತೋಲೆಗಳನ್ನು ಎರಡು ಸಲ ಓದಿ, ಮಕ್ಕಳಿಗೆ ಉಪಯೋಗವಿಲ್ಲದ್ದಾದರೆ ಅದರ ಬೆನ್ನ ಮೇಲೆ ಮಕ್ಕಳಿಂದ ನಕ್ಷೆ ಬರೆಸುತ್ತಿದ್ದರು.

ಆ ಶಾಲೆಗೆ ಬರುತ್ತಿದ್ದ ಮಕ್ಕಳು ಒಂದೇ ತರಹದವರಲ್ಲ. ತೋಟವಿದ್ದವರ ಮಕ್ಕಳು, ಆ ತೋಟದಲ್ಲಿ ಕೂಲಿ ಮಾಡುವವರ ಮಕ್ಕಳು, ಮನೆಯಲ್ಲಿ ಲಂಬಾಣಿ ಮಾತಾಡುವ ತಾಂಡಾದವರು, ಏಳನೇ ತನಕ ಉರ್ದು ಶಾಲೆಯಲ್ಲಿ ಓದಿ ಬಂದವರು, ಗೋಡೆಯ ಮೇಲೆ ಬುದ್ಧನ ಫೋಟೊ ಇಟ್ಟ ಮನೆಗಳವರು, ಇಂಗ್ಲಿಷ್ ಶಾಲೆ ಕೈಹಿಡಿಯದೆ ಇಳಿದು ಬಂದವರು. ಜೊತೆಗೆ ಜಗಳೂರು ಕಡೆಯ ಬೆದ್ದಲು ಸೀಮೆಯಿಂದ ಕೆಲಸಕ್ಕೆಂದು ಬಂದು ತೋಟದ ಶೆಡ್ಡುಗಳಲ್ಲಿ ಇರುವವರ ಮಕ್ಕಳು. ಬಸ್ಸಿನಲ್ಲಿ ಒಟ್ಟಿಗೆ ಬಂದವರು ಒಟ್ಟಿಗೆ ಕೂರುತ್ತಿದ್ದರು, ಒಟ್ಟಿಗೆ ಉಣ್ಣುತ್ತಿದ್ದರು, ಬೇರೆಯವರ ಜೊತೆ ಒಟ್ಟಿಗೆ ಜಗಳವಾಡುತ್ತಿದ್ದರು. ಹೀಗಾಗಿ ಹೆಡ್ ಮೇಡಂ ಒಂದು ಕಾನೂನು ಮಾಡಿದ್ದರು. ಒಂದು ಬೆಂಚಿನಲ್ಲಿ ಮೂವರು. ಮೂವರೂ ಬೇರೆ ಬೇರೆ ಬಸ್ ಸ್ಟಾಪಿನವರಾಗಿರಬೇಕು. ಎಂಟನೇ ಕ್ಲಾಸಿನಲ್ಲಿ ಕೂತ ಬೆಂಚು ಹತ್ತನೇ ಕ್ಲಾಸು ಮುಗಿಯುವ ತನಕ ಬದಲಾಗುವುದಿಲ್ಲ. ನಡುವೆ ಬಂದು ಸೇರಿದವರಿಗೆ ಎಲ್ಲಿ ಜಾಗವಿದೆಯೋ ಅದೇ ಅವರ ಬೆಂಚು. ಹಾಜರಿ ಕೂಡ ಬೆಂಚಿನ ಲೆಕ್ಕದಲ್ಲಿ. ಯಾರಾದರೂ ಬಾರದಿದ್ದರೆ ಉಳಿದ ಇಬ್ಬರು ಎದ್ದು ನಿಂತು ಯಾಕೆ ಬಂದಿಲ್ಲ ಎಂದು ಹೇಳಬೇಕು. ಗೊತ್ತಿಲ್ಲ ಎನ್ನುವ ಹಾಗಿಲ್ಲ. ಕೊಟ್ಟ ಲೆಕ್ಕವನ್ನು ಬೋರ್ಡಿನ ಮೇಲೆ ಮೂವರಲ್ಲಿ ಯಾರನ್ನು ಕರೆದರೂ ಮಾಡಬೇಕು, ಮಾಡದಿದ್ದರೆ ಮೂವರಿಗೂ ಆಗಿಲ್ಲ ಎಂದೇ ಅರ್ಥ.

ನನಗೆ ಇದು ಬಾಲವಾಡಿಯ ಆಟದ ಹಾಗೆ ಕಂಡಿತ್ತು. ಬುದ್ಧಿವಂತರನ್ನು ಒಂದು ಕಡೆ ಕೂರಿಸಿ ಓಡಿಸಬೇಕು, ಉಳಿದವರಿಗೆ ಪಾಸಾಗುವಷ್ಟು ಗಿಣಿಪಾಠ ಮಾಡಿಸಬೇಕು ಎನ್ನುವುದು ನನ್ನ ಪಂಡಿತಾಭಿಪ್ರಾಯ. ಊರಿನ ಒಬ್ಬ ದೊಡ್ಡ ಹಿಡುವಳಿದಾರರಿಗೂ ಬೆಂಚು ಒಪ್ಪಿಗೆಯಾಗಲಿಲ್ಲ, ಆದರೆ ಅವರ ಕಾರಣ ಬೇರೆ. ಮಗಳ ಪಕ್ಕ ಯಾರು ಕೂರುತ್ತಾರೆ ಎಂದು ತಿಳಿದ ದಿನವೇ ಬುಲೆಟ್ ಏರಿ ಬಂದರು. ಹೆಡ್ ಮೇಡಂ ಕುರ್ಚಿ ಕೊಟ್ಟರು, ಟೀ ತರಿಸಿದರು, ಅವರ ಮಾತನ್ನು ಪೂರ್ತಿ ಕೇಳಿದರು. ಆಮೇಲೆ, "ಬದಲಾಯಿಸ್ತೀನಿ ಗೌಡ್ರೆ. ಯಾಕೆ ಬದಲಾಯಿಸ್ಬೇಕು ಅಂತ ಮಾತ್ರ ನಾಳೆ ಪ್ರಾರ್ಥನೆ ಹೊತ್ನಾಗೆ ಮಕ್ಕಳ ಮುಂದೆ ನೀವೇ ಹೇಳ್ಬೇಕು. ನಂಗೆ ಹೇಳಾಕೆ ಬರಲ್ಲ" ಎಂದರು. ಗೌಡರು ಟೀ ಕುಡಿದು ಹೋದರು. ಮರುದಿನ ಪ್ರಾರ್ಥನೆಗೆ ಹೆಡ್ ಮೇಡಂ ಒಂದು ಕುರ್ಚಿ ಹಾಕಿಸಿಯೇ ಇದ್ದರು, ಅವರು ಬರಲಿಲ್ಲ. ಮಗಳು ಅದೇ ಬೆಂಚಿನಲ್ಲಿ ಉಳಿದಳು.

ರೇಣುಕಾ ಎಂಬ ಹುಡುಗಿ ಬಂದದ್ದು ಒಂಬತ್ತನೇ ತರಗತಿಯ ನಡುವೆ. ಊರು ಜಗಳೂರು ತಾಲ್ಲೂಕಿನ ಸೊಕ್ಕೆ. ತಂದೆ ತಾಯಿ ನಮ್ಮ ಶಾಲೆಯ ಹತ್ತಿರದ ತೋಟವೊಂದರಲ್ಲಿ ಕೆಲಸಕ್ಕಿದ್ದರು. ಬೇಕರಿಯವರ ಮಗಳು ಮತ್ತು ತಾಂಡಾದ ಒಬ್ಬ ಹುಡುಗಿ ಕೂರುತ್ತಿದ್ದ ಬೆಂಚಿನಲ್ಲಿ ಮೂರನೆಯವಳಾಗಿ ಕೂತಳು. ಮಾತು ಕಡಿಮೆ. ಶಾಲೆ ಬದಲಾಗಿ ಬದಲಾಗಿ ಭಿನ್ನರಾಶಿ ಎನ್ನುವುದು ಅವಳ ಕೈಗೆ ಒಮ್ಮೆಯೂ ಪೂರ್ತಿಯಾಗಿ ಸಿಕ್ಕಿರಲಿಲ್ಲ. ಹತ್ತನೇ ತರಗತಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಗಣಿತದಲ್ಲಿ ಎಂಟು ಅಂಕ ತೆಗೆದಳು. ಮಿಕ್ಕವರನ್ನೆಲ್ಲ ಹೇಗೋ ದಡ ಸೇರಿಸಬಹುದು, ಇವಳೊಬ್ಬಳಿಂದ ನೂರಕ್ಕೆ ನೂರು ಫಲಿತಾಂಶ ತಪ್ಪುತ್ತದೆ ಎಂದು ನನಗೆ ಖಾತ್ರಿಯಾಯಿತು. ನೂರಕ್ಕೆ ನೂರು ಎಂಬ ಬೋರ್ಡು ಶಾಲೆಯ ಗೇಟಿನ ಮೇಲೆ ತೂಗಬೇಕು, ಅದರಲ್ಲಿ ಗಣಿತದ ಮೇಷ್ಟ್ರ ಪಾಲು ದೊಡ್ಡದಿರಬೇಕು ಎಂದು ನಾನು ಆಗಲೇ ಕನಸು ಕಟ್ಟಿಕೊಂಡಿದ್ದೆ.

ಈಗ ನಾನು ಮಾಡಿದ್ದನ್ನು ಬರೆಯುತ್ತೇನೆ. ಒಂದು ಸಂಜೆ ತೋಟದ ಶೆಡ್ಡಿಗೆ ಹೋಗಿ ರೇಣುಕಾಳ ಅಪ್ಪನನ್ನು ಕಂಡೆ. ಈ ಸಲ ಪರೀಕ್ಷೆಗೆ ಕೂತರೆ ಫೇಲಾಗುವುದು ಖಂಡಿತ, ಈಗಲೇ ಟಿ.ಸಿ. ತೆಗೆದುಕೊಂಡು ಊರಿಗೆ ಕಳಿಸಿ, ಬೇಕಾದರೆ ಮುಂದಿನ ವರ್ಷ ಖಾಸಗಿಯಾಗಿ ಬರೆಯಲಿ ಎಂದೆ. ಒಪ್ಪುತ್ತಾರೋ ಇಲ್ಲವೋ ಎಂದು ಅನುಮಾನವಾಗಿ, ಹೆಡ್ ಮೇಡಂ ಅವರೇ ಹೇಳಿ ಕಳಿಸಿದ್ದಾರೆ ಎಂದುಬಿಟ್ಟೆ. ಆ ಹೆಸರು ಕೇಳಿದ ಮೇಲೆ ಅವರು ಒಪ್ಪಿದರು. ಅರ್ಜಿಯನ್ನು ನಾನೇ ಬರೆದೆ, ಅವರು ಸಹಿ ಮಾಡಿದರು. ಮರುದಿನ ಹೆಡ್ ಮೇಡಂ ಮುಂದೆ ಟಿ.ಸಿ. ಪುಸ್ತಕ ಇಟ್ಟು, ಅವರು ಕೆಲಸ ಬಿಟ್ಟು ಊರಿಗೆ ವಾಪಸ್ ಹೋಗುತ್ತಿದ್ದಾರೆ ಎಂದೆ. ಅವರು ಅಯ್ಯೋ ಪಾಪ ಎಂದು ಸಹಿ ಹಾಕಿದರು. ಎರಡು ಕಡೆ ಎರಡು ಸುಳ್ಳು, ಒಂದೇ ದಿನದ ಅಂತರದಲ್ಲಿ. ರೇಣುಕಾಳನ್ನು ಸೊಕ್ಕೆಯಲ್ಲಿದ್ದ ಅಜ್ಜಿಯ ಮನೆಗೆ ಕಳಿಸಿದರು.

ನನ್ನ ಗ್ರಹಚಾರಕ್ಕೆ ಬೆಂಚಿನ ಕಾನೂನನ್ನು ನಾನು ಮರೆತಿದ್ದೆ. ಟಿ.ಸಿ. ಪಡೆದವರ ಬಗ್ಗೆಯೂ ಬೆಂಚು ಉತ್ತರ ಹೇಳಬೇಕೆಂದು ನನಗೆ ಹೊಳೆದಿರಲಿಲ್ಲ. ನಾಲ್ಕು ದಿನದ ನಂತರ ಹಾಜರಿಗೆ ಬಂದ ಹೆಡ್ ಮೇಡಂ ಆ ಬೆಂಚಿನ ಮುಂದೆ ನಿಂತು, ಊರಿಗೆ ಹೋದ ಗೆಳತಿ ಅಲ್ಲಿ ಶಾಲೆಗೆ ಸೇರಿದಳೋ ಇಲ್ಲವೋ ವಿಚಾರಿಸಿದಿರಾ ಎಂದು ಕೇಳಿದರು. ಬೇಕರಿಯವರ ಮಗಳು ತಲೆ ತಗ್ಗಿಸಿದಳು. ತಾಂಡಾದ ಹುಡುಗಿಗೆ ಹಾಗೆ ತಗ್ಗಿಸಿ ಅಭ್ಯಾಸವಿಲ್ಲ.

"ಅವ್ಳು ಎಲ್ಲೂ ಸೇರಿಲ್ಲ ಮೇಡಂ. ಅವರಪ್ಪ ಅವ್ವ ಇಲ್ಲೇ ತೋಟದಾಗೆ ಅದಾರೆ. ಅವ್ಳನ್ನ ನೀವೇ ಬ್ಯಾಡ ಅಂದ್ರಂತಲ್ಲ."

ನಾನು ಅದೇ ಕ್ಲಾಸಿನ ಬಾಗಿಲಲ್ಲಿ ಸೀಮೆಸುಣ್ಣ ಹಿಡಿದು ನಿಂತಿದ್ದೆ. ಹೆಡ್ ಮೇಡಂ ನನ್ನ ಕಡೆ ನೋಡಲಿಲ್ಲ. ಮಕ್ಕಳೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು. ಅವರು ಪೆನ್ನು ತೆಗೆದು ಕೈ ಮೇಲೆ ರೇಣುಕಾ ಎಂದು ಬರೆದುಕೊಂಡು ಮುಂದಿನ ಬೆಂಚಿಗೆ ಹೋದರು.

ಎರಡನೇ ಪೀರಿಯಡ್ ಹೊತ್ತಿಗೆ ಕರೆ ಬಂತು. ಆಫೀಸಿನ ಬಾಗಿಲು ಹಾಕಿಸಿ, ಟಿ.ಸಿ. ಪುಸ್ತಕ ತೆರೆದಿಟ್ಟುಕೊಂಡು ಕೂತಿದ್ದರು. ನಾನು ಶಾಲೆಯ ಹೆಸರು, ಫಲಿತಾಂಶ, ಬೇರೆ ಶಾಲೆಗಳಲ್ಲೂ ಹೀಗೆ ಮಾಡುವುದುಂಟು ಎಂದೆಲ್ಲ ಹೇಳಿದೆ. ಪೂರ್ತಿ ಹೇಳಲು ಬಿಟ್ಟರು. ಬಯ್ದಿದ್ದರೆ ಹಗುರವಾಗುತ್ತಿತ್ತು. ಪರೀಕ್ಷೆಗೆ ಹೆಸರು ಕಳಿಸಲು ಇನ್ನೆಷ್ಟು ದಿನ ಇದೆ ಎಂದಷ್ಟೇ ಕೇಳಿದರು. ಆರು ದಿನ ಎಂದೆ. ಹಾಗಾದರೆ ನಾಳೆ ಸೊಕ್ಕೆಗೆ ಹೋಗೋಣ, ಮೊದಲ ಬಸ್ಸಿಗೆ ಹೊನ್ನಾಳಿಗೆ ಬಂದುಬಿಡಿ ಎಂದರು. ಆರು ದಿನದೊಳಗೆ ಹೆಸರು ಹೋಗದಿದ್ದರೆ ಆ ಹುಡುಗಿ ಮತ್ತೆ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಹೊನ್ನಾಳಿಯಿಂದ ದಾವಣಗೆರೆ, ಅಲ್ಲಿಂದ ಜಗಳೂರು, ಅಲ್ಲಿಂದ ಇನ್ನೊಂದು ಬಸ್ಸು. ದಾವಣಗೆರೆ ದಾಟಿದ ಮೇಲೆ ನಾನು ಧೈರ್ಯ ಮಾಡಿ, ಬೇರೆ ಶಾಲೆಗೆ ವರ್ಗ ಕೇಳುತ್ತೇನೆ ಮೇಡಂ, ಈ ಶಾಲೆಯಲ್ಲಿ ಇರಲು ನನಗೆ ಮುಖವಿಲ್ಲ ಎಂದೆ. ಅವರು ಬುತ್ತಿ ಬಿಚ್ಚಿ ನನ್ನ ಕೈಗೆ ರೊಟ್ಟಿ ಇಟ್ಟರು.

"ನೀವು ಹೋದ್ರೆ ಅವಳಿಗೆ ಲೆಕ್ಕ ಯಾರು ಹೇಳ್ಕೊಡ್ತಾರೆ ಸಾರ್? ತಪ್ಪು ಮಾಡಿದೋರನ್ನೆಲ್ಲ ಕಳ್ಸಿಬಿಟ್ರೆ ಸ್ಕೂಲಾಗೆ ಯಾರಿರ್ತಾರೆ? ಉಣ್ರಿ."

ಸೊಕ್ಕೆಯಲ್ಲಿ ಅಜ್ಜಿ ಅಂಗಳದಲ್ಲಿ ಮೆಕ್ಕೆಜೋಳ ಹರವುತ್ತಿದ್ದರು. ರೇಣುಕಾ ನಮ್ಮನ್ನು ಕಂಡವಳೇ ಒಳಗೆ ಹೋಗಿ ಬಾಗಿಲ ಮರೆಯಲ್ಲಿ ನಿಂತಳು. ಬಸ್ಸಿನುದ್ದಕ್ಕೂ ನಾನು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಜ್ಜಿ, ಬ್ಯಾಡ ಅಂದೋರೇ ಬಂದೀರಲ್ಲ ತಾಯಿ ಎಂದು ಹೆಡ್ ಮೇಡಂಗೆ ನೇರವಾಗಿ ಕೇಳಿದರು. ನಾನು ಒಂದು ಹೆಜ್ಜೆ ಮುಂದೆ ಬಂದೆ. ಹೆಡ್ ಮೇಡಂ ನನ್ನ ತೋಳು ಹಿಡಿದು ಹಿಂದಕ್ಕೆ ಸರಿಸಿದರು.

"ಹೌದು ಅಜ್ಜಿ, ನನ್ನಿಂದ ತಪ್ಪಾಗೈತೆ. ಸಹಿ ನಂದೇ. ಕರ್ಕೊಂಡು ಹೋಗಾಕೆ ಬಂದೀನಿ."

ನಾನು ಆಗಲೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು, ನಿಜ ಹೇಳಬೇಕೆಂದರೆ ಸಂತೋಷವೇ ಆಯಿತು. ಇಂದಿಗೂ ಆ ಸಂತೋಷವನ್ನು ನೆನೆದರೆ ನಾಚಿಕೆಯಿಂದ ಮೈ ಬಿಸಿಯಾಗುತ್ತದೆ.

ನನಗೆ ಲೆಕ್ಕ ಬರಲ್ಲ, ಬಂದು ಏನು ಮಾಡಲಿ ಎಂದು ಬಾಗಿಲ ಹಿಂದಿನಿಂದ ರೇಣುಕಾ ಕೇಳಿದಳು. ಇಲ್ಲಾದರೂ ಉಪಯೋಗಕ್ಕೆ ಬರೋಣವೆಂದು ನಾನು ಹೊಗಳಲು ಶುರು ಮಾಡಿದೆ. ನಿನ್ನ ಅಕ್ಷರ ದುಂಡಗಿದೆ, ನೀನು ಓಟದಲ್ಲಿ ಮುಂದೆ, ಕನ್ನಡದಲ್ಲಿ ಒಳ್ಳೆಯ ಅಂಕ ಇದೆ ಎಂದು ಒಂದೊಂದೇ ಎಣಿಸುತ್ತ ಹೋದೆ. ಹೆಡ್ ಮೇಡಂಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಆಗಲೇ.

"ಅದೆಲ್ಲ ಬ್ಯಾಡ ಸಾರ್. ಅವಳಿಗೆ ಏನೂ ಬರದೇ ಇದ್ರೂ ಆ ಬೆಂಚಿನಾಗೆ ಜಾಗ ಅವಳ್ದೇ."

ಆಮೇಲೆ ಚೀಲದಿಂದ ಒಂದು ನೋಟ್ ಪುಸ್ತಕ ತೆಗೆದು ಹೊಸ್ತಿಲ ಮೇಲಿಟ್ಟರು. ಅವಳಿಲ್ಲದ ದಿನಗಳ ಪಾಠಗಳನ್ನು ಬೆಂಚಿನ ಇಬ್ಬರೂ ಸರದಿಯಲ್ಲಿ ಬರೆದಿಟ್ಟಿದ್ದರು. ಒಂದು ಪುಟ ಬೇಕರಿಯವರ ಮಗಳ ಮುದ್ದಾದ ಅಕ್ಷರ, ಮುಂದಿನ ಪುಟ ತಾಂಡಾದವಳ ಕಾಗೆ ಕಾಲು ಗುಬ್ಬಿ ಕಾಲು. ಒಂದು ಕೈ ಬಂದು ಪುಸ್ತಕ ಒಳಗೆ ಎಳೆದುಕೊಂಡಿತು. ಅಜ್ಜಿ ನಮಗೆ ಚಹಾ ಕಾಸಿದರು. ಚಹಾ ಮುಗಿಯುವ ಹೊತ್ತಿಗೆ ರೇಣುಕಾ ಬಟ್ಟೆಯ ಚೀಲ ಹಿಡಿದು ಹೊರಗೆ ಬಂದಳು. ವಾಪಸ್ ಬರುವಾಗ ಅಷ್ಟು ದೂರವೂ ಅವಳು ನನ್ನ ಪಕ್ಕದ ಸೀಟಿನಲ್ಲಿ ಕೂತಳು. ಹೆಡ್ ಮೇಡಂ ಕಡೆ ಒಮ್ಮೆಯೂ ತಿರುಗಲಿಲ್ಲ.

ಟಿ.ಸಿ. ರದ್ದು ಮಾಡಿಸಲು ಹೆಡ್ ಮೇಡಂ ಮೂರು ದಿನ ಕಚೇರಿಯಿಂದ ಕಚೇರಿಗೆ ಅಲೆದರು. ವಿಚಾರಿಸದೆ ಸಹಿ ಹಾಕಿದ್ದು ತಮ್ಮದೇ ಅಜಾಗರೂಕತೆ ಎಂದು ಬರೆದುಕೊಟ್ಟರು, ಅದಕ್ಕೊಂದು ನೋಟಿಸನ್ನೂ ತೆಗೆದುಕೊಂಡರು. ನನ್ನ ಹೆಸರು ಯಾವ ಕಾಗದದಲ್ಲೂ ಬರಲಿಲ್ಲ. ಕೊನೆಯ ದಿನ ಮಧ್ಯಾಹ್ನ ರೇಣುಕಾಳ ಹೆಸರು ಪಟ್ಟಿಗೆ ಸೇರಿತು.

ಆಮೇಲಿನ ತಿಂಗಳುಗಳಲ್ಲಿ ನಾನು ಮೇಷ್ಟ್ರಾದೆ. ಸಂಜೆ ಕೊನೆಯ ಬಸ್ಸಿನ ತನಕ ಆ ಬೆಂಚಿನ ಮೂವರನ್ನು ಕೂರಿಸಿಕೊಂಡು ಐದನೇ ತರಗತಿಯ ಲೆಕ್ಕದಿಂದ ಶುರು ಮಾಡಿದೆ. ನಾನು ಹತ್ತು ಸಲ ಹೇಳಿದರೂ ಹತ್ತದ್ದು, ತಾಂಡಾದ ಹುಡುಗಿ ರೊಟ್ಟಿ ಮುರಿದು ತೋರಿಸಿದರೆ ರೇಣುಕಾಳಿಗೆ ಹತ್ತುತ್ತಿತ್ತು. ಹಾಗೆ ಹೇಳಿಕೊಡುತ್ತ ಬೇಕರಿಯವರ ಮಗಳ ಅರೆಬರೆ ತಿಳಿವಳಿಕೆಯೂ ಬಯಲಾಯಿತು. ಅದುವರೆಗೆ ಅವಳನ್ನು ನಾನು ಜಾಣೆಯರ ಪಟ್ಟಿಯಲ್ಲಿ ಇಟ್ಟಿದ್ದೆ. ಬಾಲವಾಡಿಯ ಆಟ ಎಂದುಕೊಂಡಿದ್ದು ನನಗಿಂತ ಚೆನ್ನಾಗಿ ಪಾಠ ಮಾಡುತ್ತಿತ್ತು. ಬೇರೆ ಬೆಂಚಿನವರೂ ಒಬ್ಬೊಬ್ಬರಾಗಿ ಸಂಜೆ ಉಳಿಯತೊಡಗಿದರು.

ಆ ವರ್ಷ ಶಾಲೆಯಲ್ಲಿ ಒಬ್ಬಳನ್ನು ಬಿಟ್ಟು ಎಲ್ಲರೂ ಪಾಸಾದರು. ಆ ಒಬ್ಬಳು ರೇಣುಕಾ, ಗಣಿತದಲ್ಲಿ ನಾಲ್ಕು ಅಂಕ ಕಡಿಮೆ. ಹೆಡ್ ಮಾಸ್ತರುಗಳ ಸಭೆಯಲ್ಲಿ ಇಲಾಖೆಯ ಅಧಿಕಾರಿಗಳು ನೂರಕ್ಕೆ ನೂರು ತಂದ ಶಾಲೆಯವರಿಗೆ ಹಾರ ಹಾಕಿ, ಉಳಿದವರನ್ನು ಎದ್ದು ನಿಂತು ಕಾರಣ ಹೇಳಲು ಕೇಳಿದರು. ಫೈಲು ಹಿಡಿದುಕೊಂಡು ನಾನೂ ಹಿಂದೆ ಕೂತಿದ್ದೆ. ಹೆಡ್ ಮೇಡಂ ಎದ್ದು, ನಮ್ಮಲ್ಲಿ ಒಬ್ಬಳು ಫೇಲಾಗಿದ್ದಾಳೆ ಸಾರ್, ಯಾಕೆಂದರೆ ಅವಳು ಪರೀಕ್ಷೆಗೆ ಕೂತಿದ್ದಳು ಎಂದರು. ಒಂಬತ್ತನೇ ತರಗತಿಯಲ್ಲಿ ಎಷ್ಟು ಮಕ್ಕಳಿದ್ದರು, ಹತ್ತನೆಯ ಪರೀಕ್ಷೆ ಬರೆದವರು ಎಷ್ಟು ಎಂದು ಹಾರ ಹಾಕಿಸಿಕೊಂಡವರನ್ನೂ ಒಂದು ಮಾತು ಕೇಳಿ ಎಂದು ಸೇರಿಸಿ ಕೂತರು. ಸಭೆಯಲ್ಲಿ ಯಾರೂ ಕೇಳಲಿಲ್ಲ. ಆಚೆ ಬಂದಾಗ ಮಾತ್ರ ಇಬ್ಬರು ಹೆಡ್ ಮಾಸ್ತರರು ಅವರ ಹತ್ತಿರ ಬಂದು, ಬೆಂಚಿನ ವಿಷಯ ಸ್ವಲ್ಪ ವಿವರವಾಗಿ ಹೇಳಿ ಮೇಡಂ ಎಂದರು. ಪೂರಕ ಪರೀಕ್ಷೆಯಲ್ಲಿ ರೇಣುಕಾ ಪಾಸಾದಳು. ಫಲಿತಾಂಶ ಬಂದ ದಿನ ನನಗೆ ಫೋನ್ ಮಾಡಿ ಅತ್ತಳು. ಹೆಡ್ ಮೇಡಂಗೆ ಮಾಡಲಿಲ್ಲ.

ಅವರು ನಿವೃತ್ತರಾದ ಮೇಲೆ ನಾನು ಹೊನ್ನಾಳಿಗೆ ಹೋದಾಗಲೆಲ್ಲ ಮನೆಗೆ ಹೋಗಿ ಬರುತ್ತಿದ್ದೆ. ಕಾಯಿಲೆ ಬಿದ್ದ ನಂತರವೂ ಮಾತೆಲ್ಲ ಶಾಲೆಯದೇ. ಒಂದು ಸಲ ತಡೆಯಲಾರದೆ, ಸೊಕ್ಕೆಯಲ್ಲಿ ನನ್ನ ಬಾಯಿ ಯಾಕೆ ಮುಚ್ಚಿಸಿದಿರಿ ಎಂದು ಕೇಳಿದೆ. ಇಷ್ಟು ವರ್ಷವಾದರೂ ಲೆಕ್ಕದ ಮೇಷ್ಟ್ರಿಗೆ ಇದು ತಿಳಿಯಲಿಲ್ಲವೇ ಎಂದು ನಕ್ಕರು.

"ಅವಳು ನನ್ನನ್ನ ನೋಡೋದು ದಿನಕ್ಕೆ ಐದು ನಿಮಿಷ. ನಿಮ್ ಮುಂದೆ ಕೂತು ಲೆಕ್ಕ ಕಲೀಬೇಕಿತ್ತು. ಬ್ಯಾಡ ಅಂದಿದ್ದು ಇವ್ರೇ ಅಂತ ಗೊತ್ತಾಗಿದ್ರೆ ನಿಮ್ ಹತ್ರ ಹೆಂಗೆ ಕಲೀತಿದ್ಲು? ಸಿಟ್ಟು ನನ್ ಮ್ಯಾಲೆ ಇರ್ಲಿ, ಪರೀಕ್ಷೆ ಪಾಸಾಗ್ಲಿ ಅಂದ್ಕೊಂಡೆ."

ನಾನು ಈಗಲಾದರೂ ಅವಳಿಗೆ ಹೇಳುತ್ತೇನೆ ಎಂದೆ. ನಿಮ್ಮಿಷ್ಟ ಎಂದರು. ನಾಳೆ ಹೇಳೋಣ, ಮುಂದಿನ ರಜೆಯಲ್ಲಿ ಹೇಳೋಣ ಎನ್ನುತ್ತ ನಾನು ಮುಂದೂಡಿದೆ. ಅಷ್ಟರಲ್ಲಿ ಹೆಡ್ ಮೇಡಂ ತೀರಿಕೊಂಡರು. ಅಂದು ಹೊನ್ನಾಳಿಯ ಆ ಚಿಕ್ಕ ಓಣಿಯಲ್ಲಿ ಹಳೆಯ ಮಕ್ಕಳು ನಿಲ್ಲಲು ಜಾಗವಿರಲಿಲ್ಲ. ತಾಂಡಾದ ಹುಡುಗಿ ಪೊಲೀಸ್ ಸಮವಸ್ತ್ರದಲ್ಲೇ ಬಂದಿದ್ದಳು, ಬೇಕರಿಯವರ ಮಗಳು ಅವಳ ಭುಜಕ್ಕೆ ತಲೆಯಿಟ್ಟು ಅಳುತ್ತಿದ್ದಳು. ನಾನು ಗುಂಪಿನಲ್ಲೆಲ್ಲ ರೇಣುಕಾಳನ್ನು ಹುಡುಕಿದೆ. ಅವಳು ಬಂದಿರಲಿಲ್ಲ.

ಈಗ ನನ್ನ ಕೆಲಸ ಜಗಳೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ. ಹೋದ ತಿಂಗಳು ಸಕ್ಕರೆ ಕಾಯಿಲೆಯ ಪರೀಕ್ಷೆಗೆಂದು ಜಗಳೂರಿನ ಒಂದು ಲ್ಯಾಬಿಗೆ ಹೋದೆ. ಬಿಳಿ ಕೋಟು ಹಾಕಿಕೊಂಡು ರಕ್ತ ತೆಗೆಯಲು ಬಂದವಳು ರೇಣುಕಾ. ನಾನು ಗುರುತು ಹಿಡಿಯುವ ಮೊದಲೇ ಅವಳು ಹಿಡಿದಳು. ಕೈಗೆ ರಬ್ಬರ್ ಕಟ್ಟುತ್ತ ನೀವಿಲ್ಲದಿದ್ದರೆ ನಾನು ಇಲ್ಲಿರುತ್ತಿರಲಿಲ್ಲ ಸಾರ್ ಎಂದಳು. ಆಮೇಲೆ, ಹೆಡ್ ಮೇಡಂ ಹೋದರು ಅಂತ ಕೇಳಿದೆ, ಮನಸ್ಸು ಬರಲಿಲ್ಲ, ಬ್ಯಾಡ ಅಂದಿದ್ದು ಮರೆಯೋಕೆ ಆಗಲ್ಲ ನೋಡಿ ಎಂದಳು.

ನಾನು ಹೇಳಿದೆ. ತೋಟದ ಶೆಡ್ಡಿನಲ್ಲಿ ಅವಳ ಅಪ್ಪನಿಗೆ ಹೇಳಿದ್ದು, ಆಫೀಸಿನಲ್ಲಿ ಹೆಡ್ ಮೇಡಂಗೆ ಹೇಳಿದ್ದು, ಅಜ್ಜಿಯ ಅಂಗಳದಲ್ಲಿ ಸುಮ್ಮನೆ ನಿಂತದ್ದು, ಅವರು ಯಾಕೆ ಹಾಗೆ ಮಾಡಿದರು ಎಂಬುದು, ಎಲ್ಲವನ್ನೂ ಬಿಡದೆ ಹೇಳಿದೆ. ರೇಣುಕಾ ಸೂಜಿ ಹಿಡಿದುಕೊಂಡೇ ಕೇಳಿದಳು. ಹೇಳಿ ಮುಗಿದ ಮೇಲೆ ತನ್ನ ಕೆಲಸ ಮಾಡಿದಳು. ರಕ್ತ ತೆಗೆದಳು, ಸೀಸೆಯ ಮೇಲೆ ನನ್ನ ಹೆಸರು ಬರೆದಳು, ಹತ್ತಿ ಕೊಟ್ಟು ಒತ್ತಿ ಹಿಡಿಯಲು ಹೇಳಿದಳು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿಲ್ಲ. ಕಣ್ಣು ತುಂಬಿತ್ತು.

"ಅವ್ರು ಇದ್ದಾಗ ಹೇಳ್ಬೇಕಿತ್ತು ಸಾರ್," ಎಂದಳು. "ಒಂದ್ಸಲ ಹೋಗಿ ಮಾತಾಡಿಸ್ಕೊಂಡು ಬರ್ತಿದ್ದೆ."